ಆಪರೇಷನ್ನಿಗೆ ಮುಂಚೆ ಮಾತ್ರೆಗಳ ಪಟ್ಟಿ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ಪಿತ್ತಕೋಶ ತೆಗೆಸುವ ದಿನ ಗೊತ್ತುಮಾಡುವ ಮೊದಲೇ, ನೀನು ನುಂಗುವ ಮಾತ್ರೆಗಳನ್ನೆಲ್ಲ ಮುಂದಿಟ್ಟುಕೊಂಡು ಪಟ್ಟಿ ಬರೆ. ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಕೊನೆಯದಾಗಿ ನುಂಗಿದ್ದು ಯಾವಾಗ, ಎಲ್ಲವೂ ಇರಲಿ. ‘ಬಿ.ಪಿ.ಗೊಂದು ಬಿಳಿ ಮಾತ್ರೆ’ ಎಂದರೆ ಸಾಲದು. ಶೀಟಿನ ಹಿಂದೆ ಟೆಲ್ಮಿಸಾರ್ಟಾನ್ ಎಂದಿದ್ದರೆ ಸಾಮಾನ್ಯವಾಗಿ 24 ಗಂಟೆ ಮುಂಚೆ ನಿಲ್ಲಿಸುತ್ತಾರೆ, ಅರಿವಳಿಕೆ ಕೊಟ್ಟಾಗ ಬಿ.ಪಿ. ತೀರಾ ಇಳಿಯಬಾರದೆಂದು. ಮೆಟೊಪ್ರೊಲಾಲ್ ಆದರೆ ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ, ಥಟ್ಟನೆ ಬಿಟ್ಟರೆ ಎದೆಬಡಿತ ಏರುತ್ತದೆ.

ಶುಗರ್ ಮಾತ್ರೆಯ ಶೀಟನ್ನು ಎರಡು ಸಲ ಓದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ಇವನ್ನು 3 ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸ, ಆಪರೇಷನ್ನಿನ ಒತ್ತಡ ಎರಡೂ ಸೇರಿ ರಕ್ತದಲ್ಲಿ ಕೀಟೋನ್ ಆಮ್ಲ (ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಏರಬಹುದು. ಆಗ ಶುಗರ್ ಹೆಚ್ಚೇನೂ ಇರದೆಯೂ ಇರಬಹುದು! ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಆಪರೇಷನ್ನಿನ ನೋವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಆಗ ಕೀಟೋನ್ ಪರೀಕ್ಷೆ ಮಾಡಿ ಎಂದು ನೀನೇ ಕೇಳು.

ಪಿತ್ತಕೋಶ ಯಕೃತ್ತಿಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಅಲ್ಲಿ ರಕ್ತ ಜಿನುಗಿದರೆ ಹೊಟ್ಟೆಯೊಳಗೆ ಇಳಿಸಿದ ಕ್ಯಾಮೆರಾದಲ್ಲಿ ಪಿತ್ತನಾಳ ಸರಿಯಾಗಿ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್, ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುವುದು ಅದಕ್ಕೇ. ಆದರೆ ನೀನಾಗಿ ನಿಲ್ಲಿಸಬೇಡಪ್ಪಾ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಡಾಕ್ಟರೂ ಸರ್ಜನ್ನರೂ ಮಾತಾಡಿಕೊಂಡು ಹೇಳಲಿ.

ಬಿಟ್ಟುಬಿಟ್ಟ ಔಷಧಿಗಳನ್ನೂ ಬರೆ. ಕಳೆದ ವರ್ಷದಲ್ಲಿ ಕೆಲವು ವಾರ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ನುಂಗಿದ್ದರೆ, ಒತ್ತಡದ ಹೊತ್ತಿಗೆ ದೇಹ ತಾನೇ ಸ್ಟೆರಾಯ್ಡ್ ತಯಾರಿಸಲು ಸೋಲಬಹುದು. ತೂಕ ಇಳಿಸುವ ಸೆಮಾಗ್ಲುಟೈಡ್ ಇದ್ದರೆ ಖಾಲಿಹೊಟ್ಟೆಯೆಂದುಕೊಂಡರೂ ಜಠರದಲ್ಲಿ ಊಟ ಉಳಿದಿರಬಹುದು, ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಭಯ. ಇನ್ನೊಂದು ಮಾತು: ಸ್ಕ್ಯಾನಿಗೆ ಸ್ವಲ್ಪ ಮುಂಚೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ತಗೊಂಡಿದ್ದರೆ ತಪ್ಪದೆ ಹೇಳು. ಅದು ಪಿತ್ತಕೋಶದಲ್ಲಿ ಗಟ್ಟಿಯಾಗಿ ಕಲ್ಲಿನಂತೆಯೇ ಕಾಣಬಹುದು, ಔಷಧಿ ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ.

ಮನೆಗೆ ಕಳಿಸುವಾಗ, ನಿಲ್ಲಿಸಿದ ಪ್ರತಿ ಮಾತ್ರೆಯ ಎದುರೂ ಮತ್ತೆ ಶುರುಮಾಡುವ ತಾರೀಕು ಬರೆಸಿಕೊ. ಆ ಚೀಟಿ ಕೈಗೆ ಬರುವವರೆಗೆ ವಾರ್ಡು ಬಿಡಬೇಡ.