ಆಪರೇಷನ್ ಆಯ್ತು, ಎಕೋ ಎಲ್ಲಿ ಮಾಡಿಸೋಣ?

ಕೊಪ್ಪಳ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದವಳಿದ್ದಾಗ ಗವಿಮಠದ ಜಾತ್ರೆಗೆ ಕರ್ಕೊಂಡು ಹೋಗಿದ್ದೆವು. ನಾಲ್ಕು ಹೆಜ್ಜೆ ನಡೆದವಳು ಧೂಳಿನಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ತುಟಿ ನೇರಳೆಹಣ್ಣು ತಿಂದ ಹಾಗೆ. ‘ದೃಷ್ಟಿ ಆಗೇತಿ’ ಅಂದರು ನಮ್ಮವ್ವ. ಆಗಿದ್ದು ಟೆಟ್ರಾಲಜಿ ಆಫ್ ಫ್ಯಾಲೋ, ಹುಟ್ಟಿನಿಂದಲೇ ಬರುವ ಹೃದಯದ ಕಾಯಿಲೆ. ಹೃದಯದ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು.

ಆಪರೇಷನ್ ಬೆಂಗಳೂರಿನಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆಯ್ತು. ನಮ್ಮಿಂದ ದುಡ್ಡು ಕೇಳಲಿಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಹಿಂದಿನ ದಿನ ಸರ್ಜನ್ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಆ ದಾರಿಯಲ್ಲಿರುವ ಕವಾಟ, ಅಂದರೆ ವಾಲ್ವ್, ಉಳಿಸಿದರೆ ದಾರಿ ಇಕ್ಕಟ್ಟಾಗಿಯೇ ಉಳಿಯಬಹುದು. ಕವಾಟವನ್ನೂ ಸೇರಿಸಿ ಕೊಯ್ದು ಪ್ಯಾಚ್ ಹಾಕಿದರೆ ದಾರಿ ಅಗಲವಾಗುತ್ತೆ, ಆದರೆ ರಕ್ತ ಹಿಂದಕ್ಕೆ ಸೋರುತ್ತೆ. ಮಗಳ ಕವಾಟ ತೀರಾ ಸಣ್ಣದಿತ್ತು. ಪ್ಯಾಚ್ ಹಾಕಿದರು.

1954ರಲ್ಲಿ ಅಮೆರಿಕದ ಸರ್ಜನ್ ಲಿಲ್ಲೆಹೈ ಈ ರಿಪೇರಿಯನ್ನು ಮೊದಲು ಮಾಡಿದಾಗ ಮಗುವಿನ ರಕ್ತನಾಳವನ್ನು ದೊಡ್ಡವರೊಬ್ಬರ ರಕ್ತನಾಳಕ್ಕೆ ಜೋಡಿಸಿಕೊಂಡು ಕೆಲಸ ಮಾಡುತ್ತಿದ್ದರಂತೆ. ಎಷ್ಟೋ ಸಲ ಆ ದೊಡ್ಡವರು ಅಪ್ಪನೋ ಅಮ್ಮನೋ. ಆಪರೇಷನ್ ಹೊತ್ತಿನಲ್ಲಿ ಮಗುವಿಗೆ ರಕ್ತ ಹರಿಸುವ ಆ ಕೆಲಸಕ್ಕೆ ಈಗ ಯಂತ್ರ ಇದೆ. ನಮ್ಮಿಂದ ಬೇಕಾಗಿರುವುದು ರಜೆ ಮತ್ತು ರೈಲು ಚಾರ್ಜು ಅಷ್ಟೆ.

ತೊಂದರೆ ಇರೋದೇ ಅಲ್ಲಿ, ಸರ್. ಒಳ್ಳೆ ಆಸ್ಪತ್ರೆಯಲ್ಲಿ ಸರಿಯಾದ ವಯಸ್ಸಿಗೆ ಆಪರೇಷನ್ ಆದ ಇಂಥ ಮಕ್ಕಳು ಬಹುತೇಕ ಬದುಕಿ ದೊಡ್ಡವರಾಗುತ್ತಾರೆ. ಆದರೆ ಆ ಸೋರಿಕೆ ನಿಲ್ಲೋದಿಲ್ಲ. ಹೃದಯದ ಬಲಭಾಗ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತೆ. ಮಗು ಆಡ್ತಾ ಇರುತ್ತೆ, ಉಣ್ತಾ ಇರುತ್ತೆ. ಜಾಸ್ತಿ ಹಿಗ್ಗುವ ಮೊದಲೇ ಹೊಸ ಕವಾಟ ಕೂರಿಸಬೇಕು. ಆ ಹೊತ್ತು ಯಾವಾಗ ಅಂತ ಗೊತ್ತಾಗೋಕೆ ಆಗಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು.

ನಮ್ಮ ಜೊತೆ ವಾರ್ಡಿನಲ್ಲಿದ್ದ ಕುಷ್ಟಗಿ ಕಡೆಯ ಮನೆಯವರು ಎರಡನೇ ವರ್ಷಕ್ಕೇ ತೋರಿಸೋದು ಬಿಟ್ಟರು. ‘ಹುಡುಗ ಆರಾಮ ಅದಾನ್ರೀ, ಸುಮ್ನ ಯಾಕ ಹೋಗೂದು?’ ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬೆಳಗ್ಗೆ ಚೀಟಿ ಸಾಲು, ಅರ್ಧ ಗಂಟೆಯ ಎಕೋ, ಮತ್ತೆ ರಾತ್ರಿ ರೈಲು. ಎರಡು ದಿನದ ಕೂಲಿ ಹೋಯ್ತು, ಅಲ್ವಾ? ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದೆ, ನಿಜ. ನಮಗೆ ಅದೂ ಹತ್ತಿರವಲ್ಲ.

ನಾನು ಕೇಳೋದು ಹೊಸ ಕಟ್ಟಡ ಅಲ್ಲ. ಮಕ್ಕಳ ಹೃದಯದ ಡಾಕ್ಟರೊಬ್ಬರು ತಿಂಗಳಿಗೊಂದು ದಿನ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬಂದು ಎಕೋ ಮಾಡಲಿ. ಜಿಲ್ಲೆಯಲ್ಲಿ ಆಪರೇಷನ್ ಆದ ಮಕ್ಕಳ ಪಟ್ಟಿ ಮಾಡಿಸಿ, ಬಾರದವರ ಮನೆಗೆ ಆಶಾ ಕಾರ್ಯಕರ್ತೆಯಿಂದ ಹೇಳಿ ಕಳಿಸಿ. ಖರ್ಚಿಗೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ನೋಡಬಹುದು.

ಮಗಳ ಮುಂದಿನ ಎಕೋ ಜಾತ್ರೆ ಮುಗಿದ ಮೇಲಿದೆ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಇಂತಿ,
ಕೊಪ್ಪಳ ತಾಲ್ಲೂಕಿನ ಒಬ್ಬ ತಂದೆ