ಕ್ಷಿಪಣಿ ಅಂತ ಬರೆಯಿರಿ, ಲಿವರ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಬ್ಲಡ್ ಕ್ಯಾನ್ಸರ್ ಔಷಧಿಯ ಬಗ್ಗೆ ಬಂದ ಲೇಖನವನ್ನು ಊರಿನ ನೆಂಟರು ಒಬ್ಬೊಬ್ಬರಾಗಿ ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಿದ್ದಾರೆ. ಕ್ಯಾನ್ಸರ್ ಕೋಶವನ್ನು ಮಾತ್ರ ಹುಡುಕಿ ಕೊಲ್ಲುವ ಕ್ಷಿಪಣಿ, ಅಡ್ಡಪರಿಣಾಮವೇ ಇಲ್ಲ ಎಂದು ತಲೆಬರಹ ಹಾಕಿದ್ದೀರಿ. ನಾನು ಸಾಗರ ತಾಲ್ಲೂಕಿನವಳು. ಈಗ ನ್ಯೂಜೆರ್ಸಿಯಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್. ಲೇಖನದಲ್ಲಿ ಹೇಳಿರುವ ಜೆಮ್ಟುಜುಮ್ಯಾಬ್ ಓಝೋಗಮೈಸಿನ್, ಅಂದರೆ ಮೈಲೋಟಾರ್ಗ್ ಎಂಬ ಔಷಧಿಯನ್ನು ನನ್ನ ಕೈಯಾರೆ ರೋಗಿಗಳಿಗೆ ಏರಿಸಿದ್ದೇನೆ. ಅದು ಒಳ್ಳೆಯ ಔಷಧಿ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅಡ್ಡಪರಿಣಾಮ ಇಲ್ಲ ಎಂಬ ಮಾತು ಮಾತ್ರ ಸುಳ್ಳು.

ಈ ಪತ್ರ ಬರೆಯಲು ಒಂದು ಫೋನ್ ಕಾರಣ. ಚಿಕ್ಕಮ್ಮನ ಮಗನ ಮಾವನಿಗೆ ಎಎಂಎಲ್, ಅಂದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಬಗೆಯ ಬ್ಲಡ್ ಕ್ಯಾನ್ಸರ್. ಒಮ್ಮೆ ಕೀಮೋ ಆಗಿ ಗುಣ ಕಂಡಿತ್ತು. ಈಗ ಕಾಯಿಲೆ ಮರುಕಳಿಸಿದೆ. 'ಅಕ್ಕಾ, ಮುಂದಿನ ಸಲ ಬರುವಾಗ ಬ್ಯಾಗಿನಲ್ಲಿ ಎರಡು ಬಾಟಲಿ ಹಾಕಿಕೊಂಡು ಬಾ, ಅಡಿಕೆ ತೋಟ ಅಡ ಇಡೋಕೂ ಮಾವ ರೆಡಿ ಇದಾರೆ' ಎಂದ ತಮ್ಮ. ಪತ್ರಿಕೆಯವರಿಗೆ ಅದೊಂದು ತಲೆಬರಹ. ಅವನಿಗೆ ಅದು ತೋಟದ ಪ್ರಶ್ನೆ.

ಮೊದಲು ಈ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತೇನೆ. ಕ್ಷಿಪಣಿಯ ಉಪಮೆ ನನಗೆ ಸರಿ ಕಾಣುವುದಿಲ್ಲ. ಇಲಿಗೆ ಇಡುವ ಪಾಷಾಣದ ಉಂಡೆ ಎಂದರೆ ಹತ್ತಿರ ಬರುತ್ತದೆ. ಎಎಂಎಲ್ ಕೋಶಗಳ ಮೈಮೇಲೆ ಸಿಡಿ33 ಎಂಬ ಒಂದು ಗುರುತು ಇರುತ್ತದೆ. ಹೆಚ್ಚಿನ ರೋಗಿಗಳಲ್ಲಿ ಇರುತ್ತದೆ, ಎಲ್ಲರಲ್ಲೂ ಅಲ್ಲ. ಈ ಔಷಧಿ ಎಂದರೆ ಪ್ರತಿಕಾಯಕ್ಕೆ (ಆ್ಯಂಟಿಬಾಡಿ) ಒಂದು ಕೊಂಡಿಯಿಂದ ಕಟ್ಟಿದ ವಿಷ. ಪ್ರತಿಕಾಯದ ಭಾಗ ಆ ಗುರುತಿಗೆ ಅಂಟಿಕೊಳ್ಳುತ್ತದೆ. ಆಗ ಕೋಶವೇ ಅದನ್ನು ಒಳಗೆ ನುಂಗಿಕೊಳ್ಳುತ್ತದೆ. ಒಳಗಿನ ಹುಳಿಯಲ್ಲಿ ಕೊಂಡಿ ಕಳಚಿ ವಿಷ ಹೊರಗೆ ಬರುತ್ತದೆ. ಅದು ಡಿಎನ್ಎಯ ಎರಡೂ ಎಳೆಗಳನ್ನು ತುಂಡು ಮಾಡುತ್ತದೆ. ಆ ವಿಷದ ಹೆಸರು ಕ್ಯಾಲಿಕಿಯಾಮೈಸಿನ್. ಅಮೆರಿಕದ ಟೆಕ್ಸಸ್ ರಾಜ್ಯದ ಸುಣ್ಣದ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಅದನ್ನೇ ನೇರವಾಗಿ ಕೊಟ್ಟರೆ ರೋಗಿಯ ಮೈ ತಡೆದುಕೊಳ್ಳುವುದಿಲ್ಲ, ಅಷ್ಟು ಖಾರ. ಅದಕ್ಕೇ ಪ್ರತಿಕಾಯಕ್ಕೆ ಕಟ್ಟಿ ಕಳಿಸುವುದು.

ಪಾಷಾಣವನ್ನು ಇಲಿಯೊಂದೇ ತಿನ್ನಬೇಕು ಎಂದು ನಾವು ಇಟ್ಟರೂ ಕೇರಿಯ ಬೆಕ್ಕು ಕೇಳುತ್ತದೆಯೇ? ಸಿಡಿ33 ಗುರುತು ಆರೋಗ್ಯವಂತ ರಕ್ತಕೋಶಗಳ ಎಳೆಯ ಹಂತದಲ್ಲೂ ಇದೆ. ಲಿವರಿನ ಕೆಲವು ಕೋಶಗಳ ಮೇಲೂ ಇದೆ. ಆದ್ದರಿಂದ ಬಿಳಿ ರಕ್ತಕಣ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಲಿವರಿಗೂ ಪೆಟ್ಟು ಬೀಳುತ್ತದೆ.

ಇದರ ಹಿಂದಿನ ಕಥೆಯನ್ನು ನಿಮ್ಮ ಲೇಖನ ಪೂರ್ತಿ ಬಿಟ್ಟಿದೆ. ನನ್ನ ಪ್ರಕಾರ ಓದುಗರಿಗೆ ಹೇಳಬೇಕಾದದ್ದೇ ಅದು. 2000ದ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗೆ ಮೊದಲು ಒಪ್ಪಿಗೆ ಕೊಟ್ಟಿತು. ಅದೂ ಅವಸರದ ಒಪ್ಪಿಗೆ. 60 ದಾಟಿದ, ಮೊದಲ ಸಲ ಕಾಯಿಲೆ ಮರುಕಳಿಸಿದ, ಮಾಮೂಲಿ ಕೀಮೋ ತಡೆಯಲಾಗದ ರೋಗಿಗಳಿಗೆ ಮಾತ್ರ. ಆಧಾರವಾಗಿ ಇದ್ದದ್ದು 142 ಜನರ ಅಧ್ಯಯನ. ಅದರಲ್ಲಿ ಶೇ 30ರಷ್ಟು ಮಂದಿಯಲ್ಲಿ ಕಾಯಿಲೆ ಹಿಡಿತಕ್ಕೆ ಬಂದಿತ್ತು. ಆಗಿನ ಡೋಸ್ ಮೈಯ ಪ್ರತಿ ಚದರ ಮೀಟರಿಗೆ 9 ಮಿಲಿಗ್ರಾಂ, 14 ದಿನ ಬಿಟ್ಟು ಇನ್ನೊಂದು ಸಲ ಅಷ್ಟೇ.

ಆಮೇಲೆ ಹೊಸ ರೋಗಿಗಳಿಗೆ ಕೀಮೋ ಜೊತೆಗೆ ಕೊಟ್ಟು ನೋಡಿದರು. ಎಸ್‌0106 ಎಂಬ ಆ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಚಿಕಿತ್ಸೆಯ ಮೊದಲ ಹಂತದಲ್ಲೇ ಸತ್ತವರು ಈ ಔಷಧಿ ಪಡೆದವರಲ್ಲಿ ಶೇ 5.7, ಪಡೆಯದವರಲ್ಲಿ ಶೇ 1.4. 2010ರ ಜೂನ್‌ನಲ್ಲಿ ಎಫ್‌ಡಿಎ ಕೇಳಿದ ಮೇಲೆ ಫೈಜರ್ ಕಂಪನಿ ಅಮೆರಿಕದ ಮಾರುಕಟ್ಟೆಯಿಂದ ಔಷಧಿಯನ್ನು ವಾಪಸ್ ತೆಗೆದುಕೊಂಡಿತು. ಕಥೆ ಮುಗಿಯಿತು ಎಂದು ಎಷ್ಟೋ ಜನ ಅಂದುಕೊಂಡರು.

ಫ್ರಾನ್ಸಿನ ವೈದ್ಯರು ಬಿಡಲಿಲ್ಲ. ಅವರು ಒಂದೇ ಸಲ ಜಾಸ್ತಿ ಕೊಡುವ ಬದಲು ಕಡಿಮೆ ಡೋಸನ್ನು ಮೂರು ದಿನಕ್ಕೆ ಹಂಚಿದರು. ಮೊದಲ ದಿನ, ನಾಲ್ಕನೇ ದಿನ, ಏಳನೇ ದಿನ, ಪ್ರತಿ ಸಲ ಚದರ ಮೀಟರಿಗೆ 3 ಮಿಲಿಗ್ರಾಂ. ಮರುಕಳಿಸಿದ 57 ರೋಗಿಗಳಲ್ಲಿ 15 ಮಂದಿಗೆ ಕಾಯಿಲೆ ಪೂರ್ತಿ ಹಿಡಿತಕ್ಕೆ ಬಂತು. ಹೊಸ ರೋಗಿಗಳ ಮೇಲೆ ಇದೇ ಲೆಕ್ಕದಲ್ಲಿ ಕೀಮೋ ಜೊತೆ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಎರಡು ವರ್ಷ ಕಾಯಿಲೆ ಮರಳದೆ ಉಳಿದವರು ಔಷಧಿ ಪಡೆದವರಲ್ಲಿ ಶೇ 40.8, ಪಡೆಯದವರಲ್ಲಿ ಶೇ 17.1. ಒಟ್ಟು ಆಯಸ್ಸಿನಲ್ಲಿ ಮಾತ್ರ ಅಷ್ಟು ಖಚಿತ ವ್ಯತ್ಯಾಸ ಕೊನೆಗೂ ಸಿಗಲಿಲ್ಲ. 2017ರ ಸೆಪ್ಟೆಂಬರ್ 1ರಂದು ಎಫ್‌ಡಿಎ ಮತ್ತೆ ಒಪ್ಪಿಗೆ ಕೊಟ್ಟಿತು, ಹೊಸ ರೋಗಿಗಳಿಗೂ ಮರುಕಳಿಸಿದವರಿಗೂ. ಯುರೋಪ್ 2018ರಲ್ಲಿ ಒಪ್ಪಿದ್ದು ಹೊಸ ರೋಗಿಗಳಿಗೆ ಮಾತ್ರ. ಮರುಕಳಿಸಿದವರಿಗೆ ಅಲ್ಲಿ ಒಪ್ಪಿಗೆ ಇಲ್ಲ. ಒಂದೇ ಔಷಧಿ, ಒಂದೇ ಪುರಾವೆ, ಎರಡು ಕಡೆ ಎರಡು ತೀರ್ಮಾನ. ಇಷ್ಟು ತೂಗಾಡುವ ಸಂಗತಿಯನ್ನು ಕ್ಷಿಪಣಿ ಅಂದುಬಿಟ್ಟರೆ ಹೇಗೆ?

ನಮ್ಮ ವಾರ್ಡಿನಲ್ಲಿ ಏನು ನಡೆಯುತ್ತದೆ ಎಂದು ಹೇಳಿದರೆ ನಿಮಗೆ ಅಂದಾಜು ಸಿಗಬಹುದು. ಡ್ರಿಪ್ ಹಾಕುವ ಮೊದಲು ಜ್ವರದ ಮಾತ್ರೆ, ಅಲರ್ಜಿ ಔಷಧಿ, ಸ್ಟೀರಾಯ್ಡ್ ಕೊಡುತ್ತೇವೆ. ಔಷಧಿ ಬೆಳಕಿಗೆ ಕೆಡುತ್ತದೆ, ಹಾಗಾಗಿ ಚೀಲಕ್ಕೆ ಮುಸುಕು ಹಾಕಿಯೇ ತೂಗುಹಾಕುತ್ತೇವೆ. ಎರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆ ಮತ್ತು ಮುಂದಿನ ಕೆಲವು ಗಂಟೆ ನಡುಕ, ಜ್ವರ, ಬಿಪಿ ಇಳಿಯುವುದು, ಉಸಿರಾಟ ಎಲ್ಲ ನೋಡಬೇಕು. ಬಿಳಿ ರಕ್ತಕಣ ತುಂಬ ಏರಿದ್ದರೆ ಬೇರೆ ಔಷಧಿಯಿಂದ ಮೊದಲು ಇಳಿಸಿಕೊಂಡು ಆಮೇಲೆ ಇದಕ್ಕೆ ಕೈ ಹಾಕುತ್ತಾರೆ. ಇಲ್ಲದಿದ್ದರೆ ಒಮ್ಮೆಗೇ ಸತ್ತ ಕೋಶಗಳ ಭಾರವನ್ನು ಕಿಡ್ನಿ ಹೊರಬೇಕಾಗುತ್ತದೆ.

ನಿಜವಾದ ಕಾವಲು ಶುರುವಾಗುವುದು ಆಮೇಲೆ. ದಿನಾ ಬೆಳಿಗ್ಗೆ ರೋಗಿಯ ತೂಕ ನೋಡುತ್ತೇವೆ. 'ಊಟವೇ ಸೇರ್ತಿಲ್ಲ, ತೂಕ ನೋಡಿ ಏನ್ ಮಾಡ್ತೀಯಮ್ಮ' ಎಂದು ಇಲ್ಲಿನ ಒಬ್ಬ ತೆಲುಗು ಅಜ್ಜ ತಮಗೆ ಬರುತ್ತಿದ್ದ ಅರ್ಧಂಬರ್ಧ ಕನ್ನಡದಲ್ಲಿ ನನ್ನನ್ನು ರೇಗಿಸುತ್ತಿದ್ದರು. ಊಟ ಇಲ್ಲದೆ ತೂಕ ಏರಿದರೆ ನಮಗೆ ಎದೆ ಧಸಕ್ ಅನ್ನುತ್ತದೆ. ಲಿವರಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಮೈಯಲ್ಲಿ ನೀರು ನಿಲ್ಲುತ್ತಿದೆಯೇನೋ ಎಂಬ ಭಯ. ಅದಕ್ಕೆ ವಿಓಡಿ ಎನ್ನುತ್ತಾರೆ. ಬಲ ಪಕ್ಕೆಯ ಕೆಳಗೆ ನೋವು, ಹೊಟ್ಟೆ ಉಬ್ಬರ, ಕಣ್ಣು ಹಳದಿ ಆಗುವುದು ಅದರ ಲಕ್ಷಣ. ಕೆಲವರ ಪ್ರಾಣಕ್ಕೇ ಬರುತ್ತದೆ. ಔಷಧಿಯ ಜೊತೆ ಬರುವ ಹಾಳೆಯಲ್ಲಿ ಈ ಎಚ್ಚರಿಕೆಯನ್ನು ಚೌಕದೊಳಗೆ, ಎಲ್ಲಕ್ಕಿಂತ ಮೇಲೆ ಮುದ್ರಿಸಿದ್ದಾರೆ. ನಿಮ್ಮ ಅರ್ಧ ಪುಟದ ಲೇಖನದಲ್ಲಿ ಲಿವರ್ ಎಂಬ ಪದವೇ ಇಲ್ಲ.

ಇನ್ನೂ ಒಂದು ವಿಷಯ. ಕಾಯಿಲೆ ಮರುಕಳಿಸಿದವರಿಗೆ ಈ ಔಷಧಿಯೊಂದರಿಂದಲೇ ಕಥೆ ಮುಗಿಯುವುದಿಲ್ಲ. ಹಿಡಿತಕ್ಕೆ ಬಂದ ಮೇಲೆ, ಮೈ ತಡೆಯುವಂತಿದ್ದರೆ, ಬೋನ್ ಮ್ಯಾರೋ ಕಸಿಯ ಯೋಚನೆ ಮಾಡುತ್ತಾರೆ. ಈ ಔಷಧಿಗೂ ಕಸಿಗೂ ನಡುವೆ ಎರಡು ತಿಂಗಳ ಅಂತರ ಇರಲಿ ಎನ್ನುವುದು ಯುರೋಪಿನವರ ಸಲಹೆ, ಅದೂ ಲಿವರಿನ ಸಲುವಾಗಿಯೇ. ಅಷ್ಟರಲ್ಲಿ ದಾನಿಯನ್ನು ಹುಡುಕಿಟ್ಟುಕೊಳ್ಳಬೇಕು. ಅಣ್ಣ, ತಮ್ಮ, ಅಕ್ಕ, ತಂಗಿಯರ ಮ್ಯಾರೋ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಎಚ್ಎಲ್ಎ ಪರೀಕ್ಷೆ ಮೊದಲೇ ಆಗಬೇಕು. ತೋಟ ಅಡ ಇಟ್ಟ ಹಣ ಔಷಧಿಗೇ ಖಾಲಿಯಾದರೆ ಕಸಿಗೆ ಏನು ಉಳಿಯುತ್ತದೆ? ನಾನು ತಮ್ಮನಿಗೆ ಕೇಳಿದ್ದು ಇದನ್ನೇ. ಅವನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಬ್ಯಾಗಿನಲ್ಲಿ ತರುವ ಮಾತಿಗೆ ಬರೋಣ. ಇದು ಅಂಗಡಿಯಲ್ಲಿ ಸಿಗುವ ಔಷಧಿ ಅಲ್ಲ. ನರ್ಸ್ ಆದ ಮಾತ್ರಕ್ಕೆ ನಾನು ಕೊಳ್ಳಲು ಬರುವುದಿಲ್ಲ. ಒಂದೊಂದು ಬಾಟಲಿಗೆ ಸಾವಿರಾರು ಡಾಲರ್. 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಭಾರತದಲ್ಲಿ ಸಿಗದ ಔಷಧಿಯನ್ನು ಸ್ವಂತ ಬಳಕೆಗೆ ತರಿಸಿಕೊಳ್ಳಲು ಕಾನೂನಿನ ದಾರಿ ಇದೆ. ವೈದ್ಯರ ಚೀಟಿ ಇಟ್ಟು ಫಾರ್ಮ್ 12ಎ ಅರ್ಜಿ ಹಾಕಿದರೆ 12ಬಿ ಪರವಾನಗಿ ಸಿಗುತ್ತದೆ. ಇದನ್ನಾದರೂ ಲೇಖನದ ಕೊನೆಗೆ ನಾಲ್ಕು ಸಾಲಿನಲ್ಲಿ ಹಾಕಬಹುದಿತ್ತು ಅಲ್ವಾ? 'ಕೇಂದ್ರ ಸರ್ಕಾರ ಸುಂಕ ತೆಗೆದಿದೆಯಂತಲ್ಲ' ಎಂದು ಇನ್ನೊಬ್ಬರು ಕೇಳಿದರು. 2024ರ ಬಜೆಟ್‌ನಲ್ಲಿ ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಒಂದು. ಅದೂ ಪ್ರತಿಕಾಯಕ್ಕೆ ವಿಷ ಕಟ್ಟಿದ ಔಷಧಿಯೇ, ಆದರೆ ಮುಖ್ಯವಾಗಿ ಸ್ತನ ಕ್ಯಾನ್ಸರಿಗೆ ಕೊಡುವುದು. ಎಎಂಎಲ್‌ಗೆ ಅದರಿಂದ ಉಪಯೋಗ ಇಲ್ಲ. ಪಕ್ಕದ ಮನೆಯ ಒಬ್ಬರಿಗೆ ಸಿಎಂಎಲ್ ಎಂಬ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರ್. ಇಮ್ಯಾಟಿನಿಬ್ ಮಾತ್ರೆಯಲ್ಲಿ ಆರಾಮಾಗಿದ್ದಾರೆ. ಅವರೂ 'ನನಗೆ ಇದು ಬೇಕಾ' ಎಂದು ಕೇಳಿಸಿದರಂತೆ. ಬೇಡವೇ ಬೇಡ. ಬ್ಲಡ್ ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆ ಅಲ್ಲ. ಇದನ್ನು ಲೇಖನದ ಮೊದಲ ಸಾಲಿನಲ್ಲೇ ಹೇಳಬೇಕಿತ್ತು.

ತಮ್ಮನಿಗೆ ನಾನು ಬರೆದುಕೊಟ್ಟ ಪ್ರಶ್ನೆಗಳನ್ನು ಇಲ್ಲಿಯೂ ಹಾಕುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ಮರುಕಳಿಸಿದ ಮೇಲೆ ಮತ್ತೆ ಮ್ಯಾರೋ ಪರೀಕ್ಷೆ ಮಾಡಿದ್ದಾರಾ, ಅದರಲ್ಲಿ ಸಿಡಿ33 ಇದೆಯಾ? ಎಫ್ಎಲ್‌ಟಿ3 ಥರದ ಜೀನ್ ಬದಲಾವಣೆ ನೋಡಿದ್ದಾರಾ? ಅದು ಇದ್ದರೆ ಮಾತ್ರೆಯ ದಾರಿಯೂ ಇದೆ. ಲಿವರ್ ಹೇಗಿದೆ, ಮೊದಲು ಕಾಮಾಲೆ ಆಗಿತ್ತಾ? ಕಸಿ ಮಾಡುವ ಯೋಚನೆ ಇದೆಯಾ? ಇಲ್ಲ ಅಂದರೆ ಈ ಔಷಧಿಯಿಂದ ಎಷ್ಟು ತಿಂಗಳು ಸಿಗಬಹುದು, ಅದರಲ್ಲಿ ಎಷ್ಟು ಆಸ್ಪತ್ರೆಯಲ್ಲೇ ಕಳೆಯಬೇಕು? ಕೊನೆಯದನ್ನು ಕೇಳಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಕೇಳಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ತಪ್ಪು ತಿದ್ದುವ ಸಣ್ಣ ಪೆಟ್ಟಿಗೆಯಲ್ಲಿ 'ಅಡ್ಡಪರಿಣಾಮ ಇಲ್ಲ' ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೋರುತ್ತೇನೆ. ಜೊತೆಗೆ ಒಂದು ಕೆಲಸ ಮಾಡಿದರೆ ಉಪಕಾರ. ಈ ಔಷಧಿ ಕೊಡಲಿ, ಮಾಮೂಲಿ ಕೀಮೋ ಕೊಡಲಿ, ಎಎಂಎಲ್ ರೋಗಿಗೆ ವಾರಗಟ್ಟಲೆ ಪ್ಲೇಟ್‌ಲೆಟ್ ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಹಾಗಾಗಿ ದಾನಿಗಳು ಬರುತ್ತಲೇ ಇರಬೇಕು. ಯಂತ್ರಕ್ಕೆ ಕೈ ಕೊಟ್ಟು ಕೂತರೆ ಒಬ್ಬರಿಂದಲೇ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ಕೊಡುತ್ತಾರೆ. ನಮ್ಮ ಕಡೆ ಯಾವ ರಕ್ತನಿಧಿಯಲ್ಲಿ ಆ ಯಂತ್ರ ಇದೆ, ಯಾವ ಹೊತ್ತಿಗೆ ಹೋಗಬೇಕು ಎಂದು ಜಿಲ್ಲಾವಾರು ಪಟ್ಟಿ ಮಾಡಿ ಮುಂದಿನ ಪುರವಣಿಯಲ್ಲಿ ಹಾಕಿ. ಆ ಪುಟವನ್ನು ನಾನೇ ಎಲ್ಲರಿಗೂ ಫಾರ್ವರ್ಡ್ ಮಾಡುತ್ತೇನೆ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ನರ್ಸ್, ನ್ಯೂಜೆರ್ಸಿ
(ಮನೆಯವರ ಕಾಯಿಲೆಯ ವಿಷಯ ಇರುವುದರಿಂದ ಹೆಸರು ಹಾಕಬೇಡಿ)