ಅಕ್ವೇರಿಯಂಗೆ ಅಡಿಕೆ ತೋಟದ ಮಣ್ಣು ಬೇಡ

ಚಿ. ಪ್ರಣವನಿಗೆ ಉಡುಪಿಯಿಂದ ದೊಡ್ಡಮ್ಮನ ಆಶೀರ್ವಾದಗಳು.

ಕದ್ರಿಯ ಮನೆಗೆ ಎರಡು ಅಡಿಯ ಅಕ್ವೇರಿಯಂ ತಂದಿದ್ದೀಯಂತೆ, ಗಿಡ ನೆಡಲು ಊರಿನ ತೋಟದಿಂದ ಮಣ್ಣು ತರುತ್ತೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಖುಷಿಯಾಯ್ತು. ಮಣ್ಣು ಹಾಕು, ಆದರೆ ಅಡಿಕೆ ತೋಟದ್ದು ಮಾತ್ರ ಬೇಡ ಮಗಾ.

ಕೊಳೆರೋಗಕ್ಕೆಂದು ಪ್ರತಿ ಮಳೆಗಾಲ ತೋಟಕ್ಕೆ ಮದ್ದು ಬಿಡುತ್ತಾರಲ್ಲ, ಆ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ಅದರ ತಾಮ್ರ ಮಳೆನೀರಿನ ಜೊತೆ ಕೆಳಗಿಳಿದು ಮಣ್ಣಿನಲ್ಲೇ ಉಳಿಯುತ್ತದೆ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಮರ ತಡೆದುಕೊಳ್ಳುತ್ತದೆ. ಆದರೆ ತೊಟ್ಟಿಯ ಸಿಗಡಿ, ಬಸವನಹುಳಕ್ಕೆ ಚೂರು ತಾಮ್ರವೂ ವಿಷ. ಮದ್ದು, ಸರ್ಕಾರಿ (ರಾಸಾಯನಿಕ) ಗೊಬ್ಬರ ಯಾವುದೂ ಬೀಳದ ಜಾಗದ ಮೇಲ್ಮಣ್ಣು ತೆಗೆದುಕೋ. ಹಿತ್ತಿಲು ಅಥವಾ ಹಾಡಿಯ (ಕುರುಚಲು ಕಾಡಿನ) ಬದಿಯದು ಒಳ್ಳೆಯದು. ಹಟ್ಟಿಗೊಬ್ಬರ ಬೆರೆಸಲೇಬೇಡ, ನೀರಿನಲ್ಲಿ ಅಮೋನಿಯಾ ಏರಿ ಮೀನು ಸಾಯುತ್ತವೆ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ನೀರಿನಡಿ ಗಾಳಿ ಸಿಗದಾಗ ಅದು ಕರಗುತ್ತದೆ, ಬೇರಿಗೆ ಸಿಗುತ್ತದೆ. ಗದ್ದೆ ಮೂಲೆಯ ನಿಂತ ನೀರಿನ ಮೇಲೆ ತುಕ್ಕುಬಣ್ಣದ ಪೊರೆ ನೋಡಿದ್ದೀಯಲ್ಲ, ಅದೇ ಇದು. ಕಡಿಮೆ ಇರುವುದು ಸುಣ್ಣದಂಶ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಅದು ಮಣ್ಣಿನಲ್ಲಿ ನಿಲ್ಲುವುದು ಹೇಗೆ? ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ತೊಳೆದು, ಒಣಗಿಸಿ, ಕುಟ್ಟಿ ಒಂದು ಹಿಡಿ ಸೇರಿಸು.

ಮಣ್ಣನ್ನು ಹಾಗೇ ಸುರಿಯಬೇಡ. ಜರಡಿ ಹಿಡಿದು ಕಲ್ಲು, ಬೇರು ತೆಗೆ. ಬಕೆಟ್ಟಿನಲ್ಲಿ ನೆನೆಸು, ತೇಲಿದ ಕಸ ಚೆಲ್ಲು, ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡು. ಒಣಗಿದ ಮೇಲೆ ಮತ್ತೆ ನೆನೆಸು. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಕೊಳೆಯಬೇಕಾದದ್ದು ಹೊರಗೇ ಕೊಳೆತು ಮುಗಿಯುತ್ತದೆ, ಆಮೇಲೆ ತೊಟ್ಟಿಯಲ್ಲಿ ಪಾಚಿಯ ಕಾಟವೂ ಕಡಿಮೆ. ಜೂನ್ ಬಂದರೆ ಇಲ್ಲಿ ಏನೂ ಒಣಗುವುದಿಲ್ಲ, ಅದಕ್ಕೇ ಈಗಲೇ ಶುರು ಮಾಡು ಅನ್ನುವುದು.

ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಗೆ ಒಂದು ಇಂಚು ದಪ್ಪ ಸಾಕು. ಅಂದರೆ ಸುಮಾರು ನಾಲ್ಕೂಮುಕ್ಕಾಲು ಲೀಟರ್ ಮಣ್ಣು. ಜಾಸ್ತಿ ಹಾಕಿದರೆ ಅಡಿಯಲ್ಲಿ ಕೊಳೆತು ಮೊಟ್ಟೆಯ ನಾತ ಬರುತ್ತದೆ. ಮೇಲೆ ಒಂದೂವರೆ ಇಂಚು ಹೊಯ್ಗೆ (ಮರಳು) ಮುಚ್ಚು. ನದಿಯ ದಪ್ಪ ಹೊಯ್ಗೆಯೇ ಆಗಬೇಕು, ಚೆನ್ನಾಗಿ ತೊಳೆದು ಹಾಕು. ಪಣಂಬೂರು ಹತ್ತಿರ ಇದೆ ಅಂತ ಕಡಲ ಹೊಯ್ಗೆ ತರಬೇಡ, ಅದರಲ್ಲಿ ಉಪ್ಪು ಇರುತ್ತದೆ, ಚಿಪ್ಪಿನ ಚೂರೂ ನಾನು ಹೇಳಿದ ಒಂದು ಹಿಡಿಯ ಲೆಕ್ಕ ಮೀರಿ ಸೇರಿರುತ್ತದೆ. ನೀರು ಹೊಯ್ಯುವಾಗ ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಹೊಯ್ಯಿ, ಇಲ್ಲದಿದ್ದರೆ ಮಣ್ಣೆಲ್ಲ ಮೇಲೆದ್ದು ಬರುತ್ತದೆ.

ಗಿಡವನ್ನು ಮೊದಲ ದಿನವೇ ಒತ್ತೊತ್ತಾಗಿ ನೆಡು. ಮೀನಿಗೆ ಅವಸರ ಬೇಡ. ಟೆಸ್ಟ್ ಕಿಟ್ಟಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವ ತನಕ ನೀರು ಬದಲಿಸುತ್ತಾ ಕಾಯಿ.

ಭಾನುವಾರ ಬಂದರೆ ನಮ್ಮ ಹಿತ್ತಿಲ ಮಣ್ಣನ್ನೇ ಕೊಡುತ್ತೇನೆ. ವ್ಯಾಲಿಸ್ನೇರಿಯಾ ಎಂಬ ನೀರುಗಿಡದ ಮರಿಗಳೂ ಇವೆ. ಎರಡು ಚೀಲ ತಾ.

ಇಂತಿ,
ದೊಡ್ಡಮ್ಮ